ಬೆನ್ನ ಮೇಲೆ ಮಲಗಿದ ವಿಮಾನ

ಮನುಷ್ಯನು ಹಾರುವ ಹಕ್ಕಿಯನ್ನು ನೋಡಿ ಅಸೂಯೆಪಟ್ಟ ದಿನವೇ ವಿಜ್ಞಾನದ ಮೊದಲ ದಿನವೆಂದು ಬಲ್ಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮೂರನೆಯ ಪೀರಿಯಡ್ ಖಾಲಿ ಇದ್ದ ಕಾರಣದಿಂದ ಶುರುವಾಯಿತು. ಜಹೀರಾಬಾದಿನ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಮಾಸ್ತರ. ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತವನನ್ನು ಪರೀಕ್ಷಾ ವಿಭಾಗದವರು ಬಂದು ಹಿಡಿದುಕೊಂಡು ಹೋಗುತ್ತಿದ್ದರು. ಅವರ ಕಾಲು ತಲುಪದ ಜಾಗವೆಂದರೆ ವರ್ಕ್‌ಶಾಪಿನ ಹಿಂದಿನ ಕೋಣೆ ಒಂದೇ. ಅಲ್ಲಿ ಗಾಳಿ ಸುರಂಗವಿತ್ತು. ನಾನು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಹಾಗೆ ಎರಡು ವರ್ಷ ಕೂತಮೇಲೆ, ಯಾರಾದರೂ ಕೇಳಿದರೆ ಹೇಳಲು ಒಂದು ನೆಪ ಬೇಕಲ್ಲ ಎಂದು ಪಿಎಚ್.ಡಿ.ಗೆ ಹೆಸರು ಹಚ್ಚಿದೆ.

ಗಾಳಿ ಸುರಂಗವು ಹೆಸರಿನಷ್ಟು ಭಯಂಕರವಾದ ವಸ್ತುವಲ್ಲ. ಎರಡೂ ಕಡೆ ಬಾಯಿ ತೆರೆದ ಉದ್ದನೆಯ ತಗಡಿನ ಪೆಟ್ಟಿಗೆ. ಒಂದು ತುದಿಗೆ ಬಂಡಿಯ ಗಾಲಿಯಷ್ಟು ಅಗಲದ ಫ್ಯಾನು, ನಡುವೆ ಒಳಗಿನದು ಕಾಣಲೆಂದು ಗಾಜಿನ ಕಿಟಕಿ. ಅಸಲಿ ವಿಮಾನ ನಿಂತ ಗಾಳಿಯಲ್ಲಿ ಓಡುತ್ತದೆ. ಇಲ್ಲಿ ಮೊಳದುದ್ದದ ಮರದ ವಿಮಾನ ನಿಂತಿರುತ್ತದೆ, ಗಾಳಿ ಓಡುತ್ತದೆ. ಗಾಳಿಯ ಲೆಕ್ಕಕ್ಕೆ ಎರಡೂ ಒಂದೇ. ನಮ್ಮ ಪೆದ್ದೆಮುಲ್ ಕಡೆಯ ಕಣದಲ್ಲಿ ತೊಗರಿ ತೂರುವವರು ಮೊರ ಎತ್ತಿ ಹಿಡಿದು ಗಾಳಿಗಾಗಿ ಕಾಯುತ್ತ ನಿಲ್ಲುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಉನ್ನತ ಶಿಕ್ಷಣ ಪಡೆದಿದ್ದರಿಂದ ನಾನು ಗಾಳಿಗಾಗಿ ಕಾಯಬೇಕಾಗಲಿಲ್ಲ. ಕರೆಂಟಿಗಾಗಿ ಕಾಯುತ್ತಿದ್ದೆ.

ಕಾದು ಕಾದು ಹನ್ನೊಂದು ವರ್ಷವಾಯಿತು. ಮೊದಲನೆಯ ಮಾರ್ಗದರ್ಶಕರು ನಿವೃತ್ತರಾದರು. ಎರಡನೆಯವರು ವರ್ಗವಾಗಿ ಹೋದರು. ಮೂರನೆಯವರು ನಾನು ಫೋನು ಮಾಡಿದಾಗಲೆಲ್ಲ, ತಾವು ಯಾವ ವಿಷಯಕ್ಕೆ ಮಾರ್ಗದರ್ಶನ ಮಾಡುತ್ತಿರುವುದೆಂದು ಬಹಳ ವಿನಯದಿಂದ ನನ್ನನ್ನೇ ಕೇಳುತ್ತಿದ್ದರು. ವಿಶ್ವವಿದ್ಯಾಲಯವು ನನ್ನ ನೋಂದಣಿಯನ್ನು ಎರಡು ಸಲ ವಿಸ್ತರಿಸಿ, ಇದೇ ಕೊನೆ ಎಂದು ಪತ್ರ ಬರೆಯಿತು. ಪ್ರಬಂಧದ ಅಧ್ಯಾಯಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ: ಹೊರಗಿನ ಪರೀಕ್ಷಕರೊಬ್ಬರು ಬಂದು, ತಮ್ಮ ಕಣ್ಣೆದುರು ಒಂದು ಸಲ ಸುರಂಗ ನಡೆಸಿ, ನಾನು ಬರೆದುಕೊಂಡ ಅಂಕಿಗಳೇ ಬರುತ್ತವೆಂದು ರುಜು ಹಾಕಬೇಕು. ಬಂದರೆ ಡಾಕ್ಟರು, ಬಾರದಿದ್ದರೆ ಹನ್ನೊಂದು ವರ್ಷ ನೀರಲ್ಲಿ. ನನ್ನ ಹೆಂಡತಿ ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಿದ್ದಳು: “ಹಾಂಗರ ಆಗ್ಲಿ, ಹೀಂಗರ ಆಗ್ಲಿ, ಮುಗೀಲಿ.”

ನನ್ನ ವಿಷಯ ಇಷ್ಟು: ಹೊಲಕ್ಕೆ ಔಷಧ ಹೊಡೆಯುವ ಸಣ್ಣ ವಿಮಾನದ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದರೆ, ಅದನ್ನು ಎತ್ತುವ ಬಲ ಎಷ್ಟು ಹೆಚ್ಚುತ್ತದೆ. ಇದಕ್ಕೆ ಮಾದರಿ ಬೇಕು. ನಗರದಲ್ಲಿ ಮಾಡಿಸಿದ ಮೊದಲ ಮಾದರಿಯ ಎಡರೆಕ್ಕೆ ಬಲರೆಕ್ಕೆಗಿಂತ ದಪ್ಪವಾಗಿತ್ತು. ಗಾಳಿ ಬಿಟ್ಟರೆ ಕುಡಿದವನ ಹಾಗೆ ಒಂದೇ ಕಡೆ ವಾಲುತ್ತಿತ್ತು. ಆಗ ಯಾರೋ ನಾರಾಯಣಖೇಡದ ಒಬ್ಬ ಬಡಿಗರ ಹೆಸರು ಹೇಳಿದರು. ಎಪ್ಪತ್ತರ ಹತ್ತಿರದ ಮನುಷ್ಯ. ಕೂರಿಗೆ, ಕುಂಟೆ, ತೊಟ್ಟಿಲು, ಬಾಗಿಲ ಚೌಕಟ್ಟು ಎಲ್ಲ ಮಾಡಿದವರು. ಕೂರಿಗೆ ಕೇಳುವವರು ಈಗ ಇಲ್ಲದ್ದರಿಂದ ಅವರ ಕೈ ಖಾಲಿ ಇತ್ತು. ನಾನು ಬಸ್ಸು ಹಿಡಿದು ಹೋಗಿ ನಕ್ಷೆಯನ್ನು ಅವರ ಮುಂದೆ ಹರಡಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಇದು ಯಾತಕ್ಕ ಬರತದ್ರಿ ಮಾಸ್ತರ?”

“ಹೊಲಕ್ಕ ಔಷಧ ಹೊಡಿಯಾಕ, ಕಾಕಾ.”

“ನಮ್ ಹೊಲದಾಗ ಟ್ರ್ಯಾಕ್ಟರೇ ತಿರುಗಿ ಹೊಳ್ಳಂಗಿಲ್ಲ. ವಿಮಾನ ಎಲ್ಲಿ ಹೊಳ್ಳತದ?”

ಹನ್ನೊಂದು ವರ್ಷದಲ್ಲಿ ನನ್ನ ಸಂಶೋಧನೆಯ ಬಗ್ಗೆ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ಪ್ರಬಂಧದಲ್ಲಿ ಇರಲಿಲ್ಲ. ಆದರೂ ಅವರು ಒಪ್ಪಿಕೊಂಡರು. ಒಣಗಿದ ತೇಗದ ತುಂಡು ಹುಡುಕಿ, ನಾನು ಎಣ್ಣೆ ಡಬ್ಬಿಯ ತಗಡಿನಲ್ಲಿ ಕತ್ತರಿಸಿ ಕೊಟ್ಟ ಅಚ್ಚುಗಳನ್ನು ಮರಕ್ಕೆ ಹಿಡಿದು ಹಿಡಿದು, ಎರಡು ತಿಂಗಳು ಕೆತ್ತಿದರು. ಕೊನೆಕೊನೆಗೆ ಅಚ್ಚನ್ನು ಬದಿಗಿಟ್ಟು, ಕಣ್ಣು ಮುಚ್ಚಿ, ರೆಕ್ಕೆಯ ಮೇಲೆ ಹೆಬ್ಬೆರಳು ಎಳೆದು, ಇಲ್ಲಿ ಒಂದು ಕೂದಲಷ್ಟು ಅದ ಎಂದು ರೇಗ್‌ಮಾಲ್ ಕಾಗದ ತಿಕ್ಕುತ್ತಿದ್ದರು. ಅರಗಿನ ಮೆರುಗು ಕೊಟ್ಟರು. ಮುಗಿದಾಗ ಅದು ಮೇಜಿನ ಮೇಲೆ ಕೂತ ಭಂಗಿ ಹೇಗಿತ್ತೆಂದರೆ, ಹೆಚ್ಚು ಹೊತ್ತು ಬಾಗಿಲು ತೆರೆದಿಡಬಾರದು ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ಕಂಡಕ್ಟರು ಎಷ್ಟು ತಿಂಗಳ ಕೂಸು ಎಂದು ಕೇಳಿ, ಬಟ್ಟೆ ಸರಿಸಿ ನೋಡಿ, ಟಿಕೇಟು ಕೊಡದೆ ಮುಂದೆ ಹೋದ.

ಈಗ ತಕ್ಕಡಿಯ ಮಾತು. ರೆಕ್ಕೆಯನ್ನು ಎತ್ತುವ ಬಲವನ್ನು ಅಳೆಯಲು ಸುರಂಗದ ಜೊತೆಗೇ ಒಂದು ಉಪಕರಣ ಬರಬೇಕು. ನಮ್ಮದರ ಜೊತೆ ಬಂದದ್ದು ಅದರ ಖಾಲಿ ಪೆಟ್ಟಿಗೆ. ಪತ್ರ ಬರೆದು ಬರೆದು ಸಾಕಾಗಿ, ತಾಂಡೂರಿನಲ್ಲಿ ನನ್ನ ಸೋದರಮಾವ ತೊಗರಿಬೇಳೆ ತೂಗುತ್ತಿದ್ದ ಹಳೆಯ ತಕ್ಕಡಿಯನ್ನು ತಂದೆ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅದು ಅಟ್ಟ ಸೇರಿತ್ತು. ಸುರಂಗದ ಮೇಲೆ ಅದನ್ನು ನಿಲ್ಲಿಸಿ, ಒಂದು ತಟ್ಟೆ ಬಿಚ್ಚಿ, ಆ ಜಾಗದಿಂದ ಸಣ್ಣ ತಂತಿಗಳನ್ನು ಸುರಂಗದೊಳಕ್ಕೆ ಇಳಿಬಿಟ್ಟು, ಅವಕ್ಕೆ ವಿಮಾನ ಕಟ್ಟಿದೆ. ಇನ್ನೊಂದು ತಟ್ಟೆಯಲ್ಲಿ ತೂಕದ ಕಲ್ಲು. ಆದರೆ ತಕ್ಕಡಿಗೆ ತಿಳಿಯುವುದು ಕೆಳಕ್ಕೆ ಜಗ್ಗುವ ಭಾರ ಮಾತ್ರ. ಬೇಳೆ ಮೇಲಕ್ಕೆ ಹಾರುತ್ತದೆಂದು ಅದನ್ನು ಮಾಡಿದವರು ಎಣಿಸಿರಲಿಲ್ಲ. ವಿಮಾನ ಮೇಲಕ್ಕೆ ಎದ್ದರೆ ತಂತಿ ಸಡಿಲವಾಗಿ ತಕ್ಕಡಿ ಸುಮ್ಮನಾಗುತ್ತದೆ. ಇದಕ್ಕೆ ಉಪಾಯ ಹಳೆಯದು, ದೊಡ್ಡ ದೊಡ್ಡವರೂ ಮಾಡಿದ್ದು: ವಿಮಾನವನ್ನು ಹೊಟ್ಟೆ ಮೇಲಾಗಿ, ಅಂಗಾತ ತೂಗುಹಾಕುವುದು. ಆಗ ಎತ್ತುವ ಬಲವೇ ಅದನ್ನು ಕೆಳಕ್ಕೆ ಜಗ್ಗುತ್ತದೆ, ತಕ್ಕಡಿ ಅದನ್ನು ಬೇಳೆ ಎಂದೇ ತಿಳಿದು ಪ್ರಾಮಾಣಿಕವಾಗಿ ತೂಗುತ್ತದೆ.

ಭೌತಶಾಸ್ತ್ರ ಇದನ್ನು ಒಪ್ಪಿತು. ಜಹೀರಾಬಾದ್ ಒಪ್ಪಲಿಲ್ಲ.

ನಮ್ಮ ಕಡೆ ಉಲ್ಟಾ ಬಿದ್ದ ಚಪ್ಪಲಿಯನ್ನು ನೋಡಿ ಯಾರೂ ಮುಂದೆ ಹೋಗುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಮಗುಚಿ ಬಿದ್ದರೆ ಮನೆಯಲ್ಲಿ ಜಗಳ ಎಂದು ನಂಬಿಕೆ. ಅದು ಯಾರದೇ ಚಪ್ಪಲಿ ಇರಲಿ, ಯಾರದೇ ಮನೆ ಇರಲಿ, ಮಾತು ನಿಲ್ಲಿಸದೆ ಕಾಲಿನ ಹೆಬ್ಬೆರಳಿನಿಂದ ತಿರುವಿ ಹಾಕಿಯೇ ದಾಟುತ್ತೇವೆ. ಹಿಂದೂ, ಮುಸಲ್ಮಾನ, ಮಾಸ್ತರ, ಹಮಾಲ ಎಂಬ ಭೇದ ಇದರಲ್ಲಿಲ್ಲ. ಮಾಡಿದ್ದು ಮಾಡಿದವನಿಗೇ ನೆನಪಿರುವುದಿಲ್ಲ. ಅಂಥ ಊರಿನಲ್ಲಿ ನಾನು ಒಂದು ವಿಮಾನವನ್ನು ಅಂಗಾತ ತೂಗುಹಾಕಿದ್ದೆ. ಮೇಲಕ್ಕೆ ಬಾಗಬೇಕಾದ ರೆಕ್ಕೆಯ ತುದಿಗಳು ಕೆಳಕ್ಕೆ ಜೋತುಬಿದ್ದು, ಅದು ಬೇನೆ ಬಿದ್ದ ಕೋಳಿಯ ಹಾಗೆ ಕಾಣುತ್ತಿತ್ತು. ಕೋಣೆಗೆ ಬಂದವರೆಲ್ಲ ಮಾತಾಡುತ್ತ ಮಾತಾಡುತ್ತ ಕಿಟಕಿಯೊಳಗೆ ಕೈ ಹಾಕುತ್ತಿದ್ದರು. ಪ್ರಿನ್ಸಿಪಾಲರು ಒಂದು ಸಲ, ಲೆಕ್ಕ ತಪಾಸಣೆಗೆ ಬಂದವರು ಒಂದು ಸಲ, ನೀರಿನ ಫಿಲ್ಟರು ರಿಪೇರಿಗೆ ಬಂದವನು ಎರಡು ಸಲ.

ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವನು ನಮ್ಮ ಅಟೆಂಡರು. ಬಶೀರಾಬಾದ್ ಕಡೆಯವನು, ನನ್ನ ವಾರಿಗೆಯವನು. ವರ್ಷವರ್ಷಕ್ಕೆ ಕರಾರು ಹೊಸದು ಮಾಡಿಸಿಕೊಂಡು ಇಪ್ಪತ್ತು ವರ್ಷ ದುಡಿದಿದ್ದ. ಸುರಂಗದ ಕೆಳಗಿನ ತಾಂಡೂರು ಕಲ್ಲಿನ ನೆಲವನ್ನು ಒರೆಸುವಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡು ಒರೆಸುತ್ತಿದ್ದ.

“ಹುಳ ಸತ್ತು ಅಂಗಾತ ಬಿದ್ದಂಗ ಕಾಣತದ್ರಿ ಸರ. ಮುಂಜಾನೆದ್ದು ಇದರ ಮಾರಿ ನೋಡ್ಬೇಕು ನಾ.”

ನಾನು ತಕ್ಕಡಿಯ ಸಂಗತಿಯನ್ನು ಅವನಿಗೆ ಮೂರು ಸಲ ತಿಳಿಸಿದೆ. ಮೂರನೆಯ ಸಲ ಅವನು ತಿಳೀತು ಎಂದ. ನನ್ನ ವಿದ್ಯಾರ್ಥಿಗಳು ತಿಳೀತು ಎನ್ನುವ ಧ್ವನಿಯಲ್ಲೇ ಎಂದ. ಆದರೆ ಆಮೇಲೆ ಯಾರಿಗೂ ಮುಟ್ಟಗೊಡಲಿಲ್ಲ. ನಾನು ಬಾಗಿಲಿಗೆ ಒಂದು ಕಾಗದ ಅಂಟಿಸಿದೆ, ತೆಲುಗು, ಉರ್ದು, ಕನ್ನಡ ಮೂರರಲ್ಲೂ: ವಿಮಾನ ಉಲ್ಟಾ ಇದೆ, ಉಲ್ಟಾ ಇರಲಿ. ನನ್ನ ಬರಹಗಳಲ್ಲಿ ಅತ್ಯಂತ ಹೆಚ್ಚು ಓದುಗರನ್ನು ಪಡೆದದ್ದು ಅದೇ.

ಕೆಲಸ ನಡೆಯಿತು. ಗಾಳಿ ರೆಕ್ಕೆಯ ಮೇಲೆ ಹೇಗೆ ಹರಿಯುತ್ತದೆಂದು ಕಾಣಲು ಹೊಗೆ ಬೇಕು. ಹೊಗೆಯ ಯಂತ್ರದ ಅರ್ಜಿ ಎಲ್ಲೋ ಕೂತಿತ್ತು, ಹಾಗಾಗಿ ದರ್ಗಾದ ಮುಂದಿನ ಅಂಗಡಿಯಿಂದ ಲೋಬಾನ ತಂದು ಕೆಂಡದ ಮೇಲೆ ಹಾಕಿದೆ. ಬಿಳಿ ಹೊಗೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿದು, ತುದಿಯಲ್ಲಿ ಸುರುಳಿ ಸುತ್ತಿ ಹೋಗುವುದನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೆ ಹೋಗುವುದನ್ನು ಮರೆತೆ. ಹನ್ನೊಂದು ವರ್ಷದಲ್ಲಿ ಸಂತೋಷವೆಂದು ಹೇಳಬಹುದಾದದ್ದು ಅದೊಂದು ಮಧ್ಯಾಹ್ನ. ಬಟ್ಟೆಗೆಲ್ಲ ಲೋಬಾನದ ವಾಸನೆ ಹತ್ತಿದ್ದರಿಂದ, ಮನೆಗೆ ಹೋದಾಗ ಹೆಂಡತಿ ಯಾರು ತೀರಿಕೊಂಡರು ಎಂದು ಕೇಳಿದಳು.

ಅಂಕಿಗಳು ಬಂದವು, ಮತ್ತೆ ಮತ್ತೆ ಅವೇ ಬಂದವು. ತುದಿ ಬಾಗಿಸಿದರೆ ಲಾಭವಿತ್ತು. ದೊಡ್ಡದಲ್ಲ, ಆದರೆ ಇತ್ತು. ಅಂತೂ ಪರೀಕ್ಷಕರು ದಿನ ಗೊತ್ತುಮಾಡಿದರು. ಮುಂಜಾನೆ ರೈಲಿಗೆ ಬಂದು, ಸುರಂಗ ನೋಡಿ, ಮಧ್ಯಾಹ್ನ ಹೊರಡುವುದು. ನಾನು ಬಡಿಗರಿಗೆ ಫೋನು ಮಾಡಿ ಹೇಳಿದೆ. ಕರೆಯಬೇಕೆಂದು ಕರೆದದ್ದಲ್ಲ, ಸುಮ್ಮನೆ ಬಾಯಿಗೆ ಬಂತು. ಆಗಲಿ ಎಂದರು. ಅದನ್ನು ನಾನು ವಿಷಯ ತಿಳಿಯಿತು ಎಂಬ ಅರ್ಥದಲ್ಲಿ ತೆಗೆದುಕೊಂಡೆ.

ಆ ವಾರ ಪರೀಕ್ಷೆಗಳು ನಡೆಯುತ್ತಿದ್ದವು. ನಾಲ್ಕು ದಿನ ಎರಡೂ ಹೊತ್ತು ಕೊಠಡಿ ಕಾಯ್ದು ನನ್ನ ಕಾಲು ಬಾತಿದ್ದವು. ಐದನೆಯ ದಿನ ಬೆಳಿಗ್ಗೆ ಏಳಕ್ಕೇ ಕೋಣೆಗೆ ಹೋಗಿ ತಂತಿಗಳನ್ನು ನೋಡಿದೆ, ಕಲ್ಲು ಇಟ್ಟು ತಕ್ಕಡಿ ಸಮ ಮಾಡಿದೆ, ವಿಮಾನ ಅಂಗಾತ ಇರುವುದನ್ನು ಖಾತ್ರಿ ಮಾಡಿಕೊಂಡೆ. ಕೀಲಿಯನ್ನು ಅಟೆಂಡರಿಗೆ ಕೊಟ್ಟು, ಕಸ ಹೊಡೆದು ಚಹಾದ ಏರ್ಪಾಡು ಮಾಡೆಂದು ಹೇಳಿ ಸ್ಟೇಷನ್ನಿಗೆ ಹೋದೆ. ರೈಲು ಎರಡು ತಾಸು ತಡ. ನಾನು ಕಟ್ಟೆಯ ಮೇಲೆ ಕೂತಲ್ಲೇ ಎರಡು ಸಲ ನಿದ್ದೆ ಹೋದೆ.

ಆ ಎರಡು ತಾಸಿನಲ್ಲಿ ಕಾಲೇಜಿನಲ್ಲಿ ಏನಾಯಿತೆಂಬುದು ನನಗೆ ಆಮೇಲೆ ತಿಳಿದದ್ದು. ಬಡಿಗರು ಮೊದಲ ಬಸ್ಸಿಗೇ ನಾರಾಯಣಖೇಡದಿಂದ ಹೊರಟು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲು, ಕೈಯಲ್ಲಿ ಎಂದಿನ ಹತಾರದ ಚೀಲ. ಮದುವೆಗೆ ಹೋಗುವಾಗಲೂ ಅವರು ಆ ಚೀಲ ಬಿಡುವುದಿಲ್ಲ. ಅಟೆಂಡರು ಅವರನ್ನು ಒಳಗೆ ಕರೆದು ಕೂರಿಸಿದ. ಬಾಗಿಲ ಮೇಲಿನ ನನ್ನ ಕಾಗದ ಅಲ್ಲಿರಲಿಲ್ಲ. ದೊಡ್ಡವರು ಬರುವ ದಿನ ಬಾಗಿಲಿಗೆ ಉಲ್ಟಾ ಎಂದು ಬರೆದಿರುವುದು ಶುಭವಲ್ಲವೆಂದು ಅವನೇ ತೆಗೆದು ಮಡಚಿಟ್ಟು, ಆ ಜಾಗಕ್ಕೆ ಮಾವಿನ ಎಲೆ ಕಟ್ಟಿದ್ದ. ಆಮೇಲೆ ಚಹಾದ ಏರ್ಪಾಡಿಗೆ ಹೋದ. ಚಹಾ, ಬಿಸ್ಕೀಟು, ಮೇಜಿಗೆ ಹಾಸಲು ಪ್ರಿನ್ಸಿಪಾಲರ ಕೋಣೆಯ ಬಟ್ಟೆ, ಹೊತ್ತು ಹಿಡಿಯಿತು.

ಬಡಿಗರು ಒಬ್ಬರೇ ಕೂತು ತಮ್ಮ ವಿಮಾನವನ್ನು ನೋಡಿದರು. ಎರಡು ತಿಂಗಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಿದ್ದಿದ ರೆಕ್ಕೆಗಳು ನೆಲ ನೋಡುತ್ತಿದ್ದವು. ಎಲ್ಲಿಂದಲೋ ಒಬ್ಬ ದೊಡ್ಡ ಮನುಷ್ಯ ಅದನ್ನು ನೋಡಲೆಂದೇ ರೈಲಿನಲ್ಲಿ ಬರುತ್ತಿದ್ದಾನೆ. ಮಾಸ್ತರನಿಗೆ ಕೆಲಸದ ಗಡಿಬಿಡಿ, ಕಟ್ಟುವಾಗ ಲಕ್ಷ್ಯ ಹೋಗಿಲ್ಲ ಎಂದುಕೊಂಡರಂತೆ. ಚೀಲ ಬಿಚ್ಚಿದರು. ಹೊಟ್ಟೆಯಲ್ಲಿದ್ದ ಮೂರು ಕೊಂಡಿಗಳನ್ನು ತೆಗೆದು ಬೆನ್ನಿಗೆ ಕೂರಿಸಿದರು. ಹಳೆಯ ತೂತುಗಳಿಗೆ ಅಂಟಿನಲ್ಲಿ ಕಲಸಿದ ಮರದ ಪುಡಿ ತುಂಬಿ ತಿಕ್ಕಿದರು. ತಂತಿಗಳನ್ನು ಮತ್ತೆ ಕಟ್ಟಿ ಬಿಗಿ ನೋಡಿದರು. ಮೂಗನ್ನು ಮಾತ್ರ ಬಂದವರಿಗೆ ನಮಸ್ಕಾರ ಮಾಡುವ ಹಾಗೆ ಒಂದಿಷ್ಟು ಮೇಲೆತ್ತಿ ಇಟ್ಟರು. ಅವರು ಕೆಲಸವನ್ನು ಯಾವತ್ತೂ ಅರ್ಧಮರ್ಧ ಮಾಡಿದವರಲ್ಲ. ವಿಮಾನದ ತೂಕ ಅಷ್ಟೇ ಇದ್ದದ್ದರಿಂದ ತಕ್ಕಡಿಯ ಮುಳ್ಳು ಕೂಡ ಇದ್ದಲ್ಲೇ ನಿಂತಿತು.

ನಾನು ಪರೀಕ್ಷಕರನ್ನು ಕರೆದುಕೊಂಡು ಬಂದೆ. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ದೂರದ ಊರಿನವರು, ಇಂಗ್ಲಿಷ್ ಬಿಟ್ಟು ನಮಗಿಬ್ಬರಿಗೂ ಬರುವ ಭಾಷೆ ಇರಲಿಲ್ಲ. ಧೂಳು ಬರದಿರಲೆಂದು ಆ ಕೋಣೆಗೆ ಚಪ್ಪಲಿ ಕಳಚಿ ಹೋಗುವ ಪದ್ಧತಿ. ಬಾಗಿಲಲ್ಲಿ ಬಡಿಗರ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ರೈಲು ತಡವಾದದ್ದರ ಬಗ್ಗೆ ಮಾತಾಡುತ್ತಲೇ ನಾನು ಅದನ್ನು ಹೆಬ್ಬೆರಳಿನಿಂದ ತಿರುವಿ ಹಾಕಿ ಒಳಗೆ ಹೋದೆ. ಹೋಗಿ ಗಾಜಿನ ಕಿಟಕಿಯಿಂದ ವಿಮಾನವನ್ನು ನೋಡಿದೆ.

ಇದನ್ನು ಬರೆಯಲು ಸ್ವಲ್ಪ ಕಷ್ಟವಾಗುತ್ತದೆ. ನಾನು ಸರಿಯಾಗಿಯೇ ನೋಡಿದೆ. ಹತ್ತಿರ ಹೋಗಿ, ಬಗ್ಗಿ, ಟಾರ್ಚು ಬಿಟ್ಟು ನೋಡಿದೆ. ತುದಿಗಳು ಮೇಲಕ್ಕೆ ಬಾಗಿದ್ದವು, ಮೂಗು ಎದ್ದಿತ್ತು, ವಿಮಾನ ವಿಮಾನದ ಹಾಗೆ ಇತ್ತು. ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಈವತ್ತು ಎಲ್ಲ ಸರಿಯಾಗಿ ಕಾಣುತ್ತಿದೆ. ತಿಂಗಳುಗಟ್ಟಲೆ ಜಹೀರಾಬಾದಿನ ಕೈಗಳಿಂದ ಅದನ್ನು ಉಲ್ಟಾ ಉಳಿಸಿಕೊಂಡು ಬಂದವನು, ಅದು ಸುಲ್ಟಾ ಆದದ್ದನ್ನು ಕಂಡು ಒಳಗೊಳಗೇ ಸಮಾಧಾನಪಟ್ಟೆ. ಅರವತ್ತರ ಸಮೀಪ ಬಂದರೂ ನಾನು ಈ ಕಡೆಯವನೇ.

ಬಡಿಗರು ಮೂಲೆಯ ಸ್ಟೂಲಿನಿಂದ ಎದ್ದು ಕೈ ಮುಗಿದರು. ಇವರೇ ಮಾದರಿ ಮಾಡಿದವರು ಎಂದೆ. ಪರೀಕ್ಷಕರು ಅವರ ಕೈ ಕುಲುಕಿದರು. ನಾನು ಫ್ಯಾನು ಹಾಕಿ ವೇಗದ ಚಕ್ರವನ್ನು ತಿರುಗಿಸುತ್ತ ಹೋದೆ. ಮೊದಲ ಗುರುತಿನವರೆಗೂ ಏನೂ ಆಗಲಿಲ್ಲ. ಎರಡನೆಯ ಗುರುತಿಗೆ ತಂತಿಗಳು ಒಂದು ಸಲ ನಡುಗಿ ಸಡಿಲವಾದವು. ಎದುರು ತಟ್ಟೆಯ ಕಲ್ಲು ಕೆಳಕ್ಕೆ ಇಳಿಯಲು ಶುರುವಾದಾಗಲೇ ನನಗೆ ತಿಳಿದದ್ದು. ಚಕ್ರ ಹಿಂದಕ್ಕೆ ತಿರುವುವಷ್ಟರಲ್ಲಿ ವಿಮಾನ ಎದ್ದಿತು. ಎದ್ದದ್ದು ಮಾತ್ರ ಬಹಳ ಚೆನ್ನಾಗಿ ಎದ್ದಿತು. ಅವಸರವಿಲ್ಲದೆ, ವಾಲದೆ, ಎರಡೂ ರೆಕ್ಕೆ ಸಮನಾಗಿ. ಒಂದು ಗೇಣು ಮೇಲೇರಿ ಗಾಳಿಯಲ್ಲಿ ನಿಂತಿತು. ಆಮೇಲೆ ಸುರಂಗದ ಛಾವಣಿಗೆ ಬಡಿದು, ಬಲರೆಕ್ಕೆಯ ತುದಿ ಮುರಿದು, ತಂತಿಗಳಲ್ಲಿ ಸಿಕ್ಕಿಕೊಂಡು ಜೋತುಬಿತ್ತು. ಕಲ್ಲಿನ ತಟ್ಟೆ ತಗಡಿನ ಮೇಲೆ ಧಡ್ಡನೆ ಕೂತಿತು.

ಫ್ಯಾನು ನಿಲ್ಲಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಸದ್ದು ಇಳಿಯುತ್ತಿರುವಾಗ ಹಿಂದಿನಿಂದ ಬಡಿಗರ ಧ್ವನಿ ಕೇಳಿತು.

“ಎದ್ದಾದ ನೋಡ್ರಿ ಮಾಸ್ತರ. ಹಕ್ಕಿ ಎದ್ದಂಗ ಎದ್ದಾದ.”

ತಿರುಗಿ ನೋಡಿದೆ. ಅವರ ಕೈಯಲ್ಲಿ ಫೋನು ಇತ್ತು. ಪೂರಾ ವೀಡಿಯೋ ಹಿಡಿದಿದ್ದರು. ಮುಖದಲ್ಲಿ ಅಂಥ ಬೆಳಕನ್ನು ನಾನು ಹನ್ನೊಂದು ವರ್ಷದಲ್ಲಿ ಯಾವ ಮಾರ್ಗದರ್ಶಕರ ಮುಖದಲ್ಲೂ ಕಂಡಿರಲಿಲ್ಲ. ಮುರಿದ ತುದಿಯ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಜಾಗ ಸಣ್ಣದಾತು, ಬಯಲಿನಾಗ ಬಿಟ್ಟಿದ್ರ ಹೋಗೇ ಬಿಡತಿತ್ತು ಎಂದು ಅಟೆಂಡರಿಗೆ ಹೇಳುತ್ತಿದ್ದರು. ಅಟೆಂಡರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನು ವಿಮಾನವನ್ನು ನೋಡಿದ, ಬಡಿಗರ ಚೀಲವನ್ನು ನೋಡಿದ, ನನ್ನನ್ನು ನೋಡಿದ. ಮೂರು ಸಲ ಹೇಳಿದ ಪಾಠ ಅವನಿಗೆ ನಿಜವಾಗಿ ತಿಳಿದಿತ್ತೆಂದು ಆಗ ಗೊತ್ತಾಯಿತು.

ಪರೀಕ್ಷಕರು ಕಿಟಕಿ ತೆರೆದು, ತಂತಿಯ ತುದಿ ಹಿಡಿದು ನೋಡಿದರು. ನಾನೂ ನೋಡಿದೆ. ನಾನು ಹಾಕುವ ಗಂಟು ಅದಲ್ಲ. ತೊಟ್ಟಿಲನ್ನು ತೊಲೆಗೆ ಕಟ್ಟುವಾಗ ಹಾಕುವ ಗಂಟು. ಕೂಸು ಎಷ್ಟೇ ಜೀಕಿದರೂ ಬಿಚ್ಚುವುದಿಲ್ಲ. ವಿಮಾನ ಅಷ್ಟು ಬಡಿದರೂ ಒಂದು ಗಂಟೂ ಬಿಚ್ಚಿರಲಿಲ್ಲ.

ಪರೀಕ್ಷಕರು ಕೆಟ್ಟವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಅವರು ನಿಧಾನವಾಗಿ ಹೇಳಿದ್ದರ ಸಾರ ಇದು: ಅಭ್ಯರ್ಥಿಯು ತಾನೇ ಕಟ್ಟಿದ ಮಾದರಿ ಕೆಟ್ಟರೆ ಪರೀಕ್ಷೆ ವಿಫಲವೆಂದು ಬರೆಯಬೇಕು, ಬೇರೆ ದಾರಿಯಿಲ್ಲ. ಹೊರಗಿನವರು ಯಾರಾದರೂ ಕೈಯಾಡಿಸಿದ್ದರೆ, ಯಾರು, ಅವರನ್ನು ಒಳಗೆ ಬಿಟ್ಟವರು ಯಾರು ಎಂದು ನಮೂದಿಸಿ, ಕಾಲೇಜಿನ ಮುಖ್ಯಸ್ಥರ ರುಜು ಹಾಕಿಸಿ, ಇನ್ನೊಂದು ದಿನ ಕೊಡಬಹುದು. ಆಮೇಲೆ ಕೇಳಿದರು:

“ಇದನ್ನು ಕೊನೆಗೆ ಕಟ್ಟಿದವರು ಯಾರು?”

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಬಡಿಗರು ತಮ್ಮ ಕೆಲಸದ ಬಗ್ಗೆ ಏನೋ ಒಳ್ಳೆಯ ಮಾತು ನಡೆಯುತ್ತಿದೆಯೆಂದು ತಿಳಿದು, ಟವೆಲು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಅಟೆಂಡರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಇಪ್ಪತ್ತು ವರ್ಷ ಕಾಲೇಜಿನಲ್ಲಿದ್ದವನಿಗೆ ವಿಚಾರಣೆಯ ಧ್ವನಿ ಗೊತ್ತಾಗುತ್ತದೆ. ಅವನ ಕರಾರು ಮುಂದಿನ ತಿಂಗಳು ಹೊಸದಾಗಬೇಕಿತ್ತು.

ನಾನು ಆಗ ಏನೇನು ಯೋಚಿಸಿದೆ ಎಂದು ದೊಡ್ಡದಾಗಿ ಬರೆಯಬಹುದು. ನಿಜ ಹೇಳಬೇಕೆಂದರೆ ಕಾಲು ನೋಯುತ್ತಿತ್ತು, ಕೂರಬೇಕು ಅನ್ನಿಸುತ್ತಿತ್ತು. ಅಲ್ಲದೆ ಟಾರ್ಚು ಬಿಟ್ಟು ನೋಡಿದವನು ನಾನು, ಸ್ವಿಚ್ಚು ಹಾಕಿದವನು ನಾನು. ನೋಡಿಯೂ ಕಾಣದವನ ಹೆಸರಿಗೆ ಆ ಕಾಗದದಲ್ಲಿ ಕಾಲಮ್ಮು ಇರಲಿಲ್ಲ.

“ನಾನೇ ಕಟ್ಟಿದ್ದು,” ಎಂದೆ.

ಪರೀಕ್ಷಕರು ನನ್ನನ್ನು ಒಂದು ಕ್ಷಣ ನೋಡಿದರು. ತಂತಿಯ ಗಂಟನ್ನು ಇನ್ನೊಂದು ಸಲ ನೋಡಿದರು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮೇಜಿನ ಬಳಿ ಕೂತು, ಪ್ರಿನ್ಸಿಪಾಲರ ಕೋಣೆಯ ಬಟ್ಟೆಯ ಮೇಲೆ ಕಾಗದವಿಟ್ಟು ಬರೆದರು. ನಾನು ಕೆಳಗೆ ರುಜು ಹಾಕಿದೆ. ಎದ್ದಮೇಲೆ ಅವರು ಮುರಿದ ರೆಕ್ಕೆಯ ಮೇಲೆ ಬೆರಳಾಡಿಸಿ, ಇಂಥ ಕೆಲಸವನ್ನು ತಮ್ಮ ಪ್ರಯೋಗಾಲಯದಲ್ಲೂ ನೋಡಿಲ್ಲ ಎಂದರು.

“ಏನಂತಾರ್ರಿ ಸಾಹೇಬರು?” ಎಂದು ಬಡಿಗರು ಕೇಳಿದರು.

“ಕೆಲಸ ಭಾಳ ಚಂದ ಆಗ್ಯಾದ ಅಂತಾರ, ಕಾಕಾ.”

ಅದು ಸುಳ್ಳಲ್ಲದ್ದರಿಂದ ಹೇಳಲು ಸುಲಭವಾಯಿತು. ಅವರು ತಲೆಯಾಡಿಸಿ, ಸ್ವಲ್ಪ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು:

“ನೀವು ಅದನ್ನ ಉಲ್ಟಾ ಕಟ್ಟಿದ್ರಿ. ನಿಮಗ ಕೆಲಸದ ಗಡಿಬಿಡಿ ಇರತದ. ನಾ ನೋಡಿ ಸುಲ್ಟಾ ಮಾಡೀನಿ. ಯಾರಿಗೂ ಹೇಳಂಗಿಲ್ಲ, ಮರ್ಯಾದಿ ಪ್ರಶ್ನೆ.”

“ಛಲೋ ಮಾಡಿದ್ರಿ,” ಎಂದೆ.

ಚಹಾ ಆರಿತ್ತು. ಎಲ್ಲರೂ ಅದನ್ನೇ ಕುಡಿದೆವು. ಪರೀಕ್ಷಕರನ್ನು ಮಧ್ಯಾಹ್ನದ ರೈಲಿಗೆ ಬಿಟ್ಟು, ಬಡಿಗರನ್ನು ನಾರಾಯಣಖೇಡದ ಬಸ್ಸಿಗೆ ಹತ್ತಿಸಿದೆ. ಮುರಿದ ವಿಮಾನವನ್ನು ಅವರು ಟವೆಲಿನಲ್ಲಿ ಸುತ್ತಿಕೊಂಡು ಹೋದರು, ರೆಕ್ಕೆ ಕೂರಿಸಿ ಕೊಡುತ್ತೇನೆಂದು. ಅವಸರವಿಲ್ಲ ಎಂದೆ. ಕಾಲೇಜಿಗೆ ಮರಳಿದಾಗ ಅಟೆಂಡರು ಕೋಣೆಯಲ್ಲಿ ಒಬ್ಬನೇ ಇದ್ದ. ಮಡಚಿಟ್ಟಿದ್ದ ನನ್ನ ಕಾಗದವನ್ನು ಬಿಚ್ಚಿ, ಮಾವಿನ ಎಲೆಯ ಕೆಳಗೆ ಮತ್ತೆ ಅಂಟಿಸುತ್ತಿದ್ದ. ಒಳಗೆ ಉಲ್ಟಾ ಇರಲು ಈಗ ಏನೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನಗೆಂದು ಬೇರೆ ಬಿಸಿ ಚಹಾ ತಂದು ಮೇಜಿನ ಮೇಲಿಟ್ಟು ಹೋದ.

ಹೆಂಡತಿಗೆ ಮನೆಯಲ್ಲಿ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಪೂರಾ ಕೇಳಿ, ಮುಗೀತಲ್ಲ ಎಂದಳು.

ವೀಡಿಯೋ ನಾರಾಯಣಖೇಡದ ಫೋನುಗಳಲ್ಲೆಲ್ಲ ಓಡಾಡಿತು. ಛಾವಣಿಗೆ ಬಡಿಯುವುದಕ್ಕಿಂತ ಮುಂಚೆಯೇ ಅದು ನಿಲ್ಲುವ ಹಾಗೆ ಯಾರೋ ಕತ್ತರಿಸಿದ್ದರು, ಆದ್ದರಿಂದ ಅದರಲ್ಲಿ ವಿಮಾನ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ, ಅಷ್ಟೇ. ನ್ಯಾಲ್ಕಲ್ ಕಡೆಯ ಆಟೋದವನೊಬ್ಬ ನನ್ನನ್ನು ಗುರುತು ಹಿಡಿದು, ವಿಮಾನ ಹಾರಿಸಿದ ಸರ್ ನೀವೇ ಅಲ್ಲೇನ್ರಿ ಎಂದು ಕೇಳಿದ. ಹೌದು ಎಂದೆ. ಬಡಿಗರಿಗೆ ಆಮೇಲೆ ಶಾಲೆಯ ವಿಜ್ಞಾನ ಮೇಳಕ್ಕೆಂದು ಎರಡು ವಿಮಾನಗಳ ಕೆಲಸ ಬಂತು. ಅಟೆಂಡರನ ಕರಾರು ಹೊಸದಾಯಿತು. ಸುರಂಗದ ಕೋಣೆಯಲ್ಲಿ ಈಗ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಇಡುತ್ತಾರೆ, ಹೀಗಾಗಿ ಪರೀಕ್ಷಾ ವಿಭಾಗದವರು ಕೊನೆಗೂ ಅಲ್ಲಿಗೆ ಬಂದು ತಲುಪಿದರು.

ವಿಶ್ವವಿದ್ಯಾಲಯದ ಪತ್ರ ಮೂರು ತಿಂಗಳ ನಂತರ ಬಂತು. ನನ್ನ ನೋಂದಣಿ ರದ್ದಾಗಿತ್ತು.